ಮಾವನ ಗುಡ್ಲು, ನನ್ನ ಹಣೆ

ಬೆಳಿಗ್ಗೆ ಸ್ನಾನ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡ ಮೇಲೆ ನಾನು ಕಿಟಕಿಯ ಹತ್ತಿರ ಹೋಗಿ ಒಂದು ಗಳಿಗೆ ಆಕಾಶ ನೋಡುತ್ತೇನೆ. ಎದುರು ಮನೆಯ ನಿವೃತ್ತ ಮೇಷ್ಟ್ರು ಇದನ್ನು ಸೂರ್ಯನಮಸ್ಕಾರವೆಂದು ತಿಳಿದಿದ್ದಾರೆ. "ಈ ಕಾಲದಲ್ಲೂ ಇಷ್ಟು ನಿಷ್ಠೆ ಇಟ್ಕೊಂಡಿದ್ದೀರಲ್ಲ ಸಾರ್" ಎಂದು ಹಾಲಿನ ಬೂತಿನ ಮುಂದೆ ನಾಲ್ಕು ಜನರ ಎದುರಿಗೇ ಹೊಗಳಿದ್ದೂ ಉಂಟು. ಬಿಟ್ಟಿ ಬರುವ ಪುಣ್ಯವನ್ನು ಯಾರು ತಾನೇ ಬೇಡವೆನ್ನುತ್ತಾರೆ? ನಾನು ತಲೆ ತಗ್ಗಿಸಿ ನಕ್ಕು, ಹಾಲಿನ ಪ್ಯಾಕೆಟ್ ಹಿಡಿದು ಮನೆಗೆ ಬಂದೆ.

ನಿಜ ಹೇಳಬೇಕೆಂದರೆ ನಾನು ನೋಡುವುದು ಸೂರ್ಯನನ್ನಲ್ಲ, ಮೋಡವನ್ನು. ನಾನು ಛತ್ರಿ ಮಾರುವವನು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ನಮ್ಮಪ್ಪ ಶುರು ಮಾಡಿದ ಅಂಗಡಿ; ಛತ್ರಿ, ರೈನ್‌ಕೋಟು, ಮಳೆ ಇಲ್ಲದ ಕಾಲದಲ್ಲಿ ಹೊಟ್ಟೆಪಾಡಿಗೆ ಸ್ಕೂಲ್ ಬ್ಯಾಗು. ಊರಿನವರೆಲ್ಲ "ಥೂ, ಈ ಮಳೆ" ಎಂದು ಬೈದುಕೊಂಡು ಓಡುವಾಗ ಗಲ್ಲಾದ ಹಿಂದೆ ಕೂತು ಒಳಗೊಳಗೇ ಖುಷಿಪಡುವ ಸಣ್ಣ ಬುದ್ಧಿಯ ಜನ ನಾವು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎಂಬ ಗಾದೆಯನ್ನು ಯಾರಾದರೂ ಹೇಳಿದರೆ ನಮ್ಮಪ್ಪ ಗಂಭೀರವಾಗಿ, "ಹಿಡೀಲಿ ಬಿಡಿ, ಕೊಂಡ್ಕೊಂಡು ಹಿಡೀಲಿ" ಎನ್ನುತ್ತಿದ್ದರು.

ಆದರೆ ಹಣೆಯ ಮೇಲೆ ವಿಭೂತಿ ಒಣಗುವಾಗಲೇ ಮೋಡ ನೋಡುವ ಈ ಅಭ್ಯಾಸ ಅಂಗಡಿಯಿಂದ ಬಂದದ್ದಲ್ಲ. ಅದು ಹೋದ ಕಾರ್ತೀಕದಲ್ಲಿ, ಬಿಳೇಕಹಳ್ಳಿಯಲ್ಲಿರುವ ನನ್ನ ಮಾವನ ಮನೆಯ ತಾರಸಿಯ ಮೇಲೆ ಅಂಟಿಕೊಂಡದ್ದು. ಅದನ್ನು ಹೇಳಬೇಕೆಂದರೆ ಮಾವನ ವಿಷಯ ಹೇಳಬೇಕು, ಮಾವನ ವಿಷಯವೆಂದರೆ ಮೀನಿನ ವಿಷಯ. ನಾನೋ ಲಿಂಗ ಕಟ್ಟಿಕೊಂಡ ಮನೆಯವನು, ಮೊಟ್ಟೆಯ ಬಣ್ಣವನ್ನೂ ದೂರದಿಂದ ನೋಡಿ ಬೆಳೆದವನು. ಮೀನಿನ ಬಗ್ಗೆ ಎಲ್ಲಾದರೂ ತಪ್ಪು ಹೇಳಿದರೆ ನೀವೇ ತಿದ್ದಿಕೊಳ್ಳಬೇಕು.

ಮಾವ ನಾರಾಯಣಪ್ಪನವರದು ಬಿಳೇಕಹಳ್ಳಿಯ ಹಳೇ ಮನೆತನ. ಅವರು ರಾಗಿ, ಅವರೆ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳು ಬೆಳೆದಿವೆ. ಬಾಡಿಗೆ ಬರುತ್ತದೆ, ಮಾವ ತೆಗೆದುಕೊಳ್ಳುತ್ತಾರೆ. ಆದರೆ ಬಿತ್ತದೆ, ಕೊಯ್ಯದೆ ಮನೆಗೆ ಬಂದ ಆದಾಯವನ್ನು ಅವರು ಇವತ್ತಿಗೂ ಸ್ವಲ್ಪ ಸಂಕೋಚದಿಂದಲೇ ನೋಡುತ್ತಾರೆ. ಹಳೆಯ ಬದುಕಿನಲ್ಲಿ ಅವರಿಗೆ ಉಳಿದದ್ದು ಒಂದೇ, ಗಾಳ. ಹುಡುಗರಾಗಿದ್ದಾಗ ಊರ ಕೆರೆಯಲ್ಲಿ ಎರೆಹುಳು ಚುಚ್ಚಿ ಕೂರುತ್ತಿದ್ದರಂತೆ. ಈಗ ಆ ಕೆರೆಗೆ ತಂತಿ ಬೇಲಿ, ವಾಕಿಂಗ್ ಹಾದಿ, "ಮೀನು ಹಿಡಿಯಬಾರದು" ಎಂಬ ಬೋರ್ಡು. ಮಾವ ಬೆಳಿಗ್ಗೆ ಕೈ ಹಿಂದಕ್ಕೆ ಕಟ್ಟಿಕೊಂಡು ಅಲ್ಲಿ ಒಂದು ಸುತ್ತು ಹಾಕುತ್ತಾರೆ. ನೀರಿನಲ್ಲಿ ಗುಳಕ್ ಎಂದರೆ ಸಾಕು, ಬೇಲಿ ಹಿಡಿದು ನಿಂತು, "ಕಾಟ್ಲಾ ಐತೆ ಅಳಿಯಂದ್ರೇ, ದಪ್ಪದ್ದು" ಎಂದು ಮನೆ ಬಿಟ್ಟು ಹೋದ ಮಗನ ಸುದ್ದಿ ಹೇಳಿದಷ್ಟು ಮೆತ್ತಗೆ ಹೇಳುತ್ತಾರೆ. ಹಾಗಾಗಿ ಭಾನುವಾರ ಕನಕಪುರ ರಸ್ತೆಯ ಆಚೆ, ಅವರ ಹಳೆಯ ಸ್ನೇಹಿತರೊಬ್ಬರ ತೋಟದ ಹೊಂಡಕ್ಕೆ ಹೋಗುವುದು. ಬೆಳಿಗ್ಗೆ ಹೋದರೆ ಸಂಜೆಗೆ ಬರುವುದು. ಬುಟ್ಟಿಯಲ್ಲಿ ಮೀನು ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಮುಖ ಮಾತ್ರ ತುಂಬಿಕೊಂಡು ಬರುತ್ತಿತ್ತು.

ಮದುವೆಯಾದ ಹೊಸದರಲ್ಲಿ ಒಂದು ಭಾನುವಾರ ಅವರು ಬಾಗಿಲಲ್ಲೇ, "ಜಿಲೇಬಿ ತಂದಿದ್ದೀನಿ" ಎಂದರು. ನಾನು ಸಂತೋಷದಿಂದ ಎದ್ದು ಹೋಗಿ ಬುಟ್ಟಿಯೊಳಗೆ ಇಣುಕಿದೆ. ಜಿಲೇಬಿ ನನ್ನನ್ನೇ ನೋಡುತ್ತ ಬಾಯಿ ತೆರೆದು ಮುಚ್ಚುತ್ತಿತ್ತು. ಆ ಹೆಸರಿನ ಮೀನೊಂದಿದೆಯೆಂದು ನಮ್ಮ ಕಡೆಯ ಯಾರೂ ನನಗೆ ಹೇಳಿರಲಿಲ್ಲ. ಸಿಹಿ ಅಂಗಡಿಯ ಮುಂದೆ ಹೋಗುವಾಗ ನನ್ನ ಹೆಂಡತಿ ಸುಜಾತ ಇವತ್ತಿಗೂ ನನ್ನ ಮುಖ ನೋಡಿ ನಗುತ್ತಾಳೆ.

ಆವತ್ತು ನಾನು ಬೆಚ್ಚಿ ಹಿಂದೆ ಸರಿದದ್ದನ್ನು ಕಂಡವರು ಅತ್ತೆ ಜಯಮ್ಮನವರು. ಮುಂದಿನ ಭಾನುವಾರದ ಹೊತ್ತಿಗೆ ತಾರಸಿಯ ಮೇಲೆ ಶೀಟು ಹಾಕಿಸಿ, ಒಂದು ಒಲೆ ಇಡಿಸಿ, ಮೀನಿನ ಅಡುಗೆಯನ್ನು ಪೂರ್ತಿ ಮೇಲಕ್ಕೆ ಸಾಗಿಸಿದ್ದರು. ಕೆಳಗಿನ ಅಡುಗೆಮನೆಯಲ್ಲಿ ನನಗೆಂದೇ ಹೊಸ ಪಾತ್ರೆ, ಹೊಸ ಸೌಟು, ಹೊಸ ತಟ್ಟೆ. ಮೀನು ಮುಟ್ಟಿದ ದಿನ ಅವರು ನನಗೆ ಬಡಿಸುವುದಿಲ್ಲ, ಸುಜಾತಳನ್ನು ಕಳಿಸುತ್ತಾರೆ. ಬೇರೆ ದಿನಗಳಲ್ಲೂ ಕಾಫಿ ಲೋಟವನ್ನು ಮೇಜಿನ ಮೇಲೆ ಇಟ್ಟು ಸರಿಯುತ್ತಾರೆಯೇ ಹೊರತು ನನ್ನ ಕೈಗೆ ಕೊಟ್ಟದ್ದಿಲ್ಲ. "ಅತ್ತೆ, ನಾನೇನು ಮಠದ ಸ್ವಾಮಿಗಳಾ? ಇಷ್ಟೆಲ್ಲ ಬೇಡ" ಎಂದು ನಾನು ಎಷ್ಟೋ ಸಲ ಹೇಳಿದೆ. ಅವರು ಬಾಗಿಲ ಮರೆಯಿಂದಲೇ, "ಅದೆಲ್ಲ ನಿಮಗ್ ಗೊತ್ತಾಗಲ್ಲ. ನಂಬ್ಕೊಂಡು ನಮ್ಮನೇಲಿ ಉಣ್ತೀರ, ಆ ನಂಬಿಕೆ ಕಾಯ್ಬೇಕಾದೋಳು ನಾನು" ಎಂದರು. ತಾನು ನಂಬದ ಒಂದು ನಿಯಮವನ್ನು ಇನ್ನೊಬ್ಬರಿಗಾಗಿ ಇಷ್ಟು ಕಟ್ಟುನಿಟ್ಟಾಗಿ ಪಾಲಿಸುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ನಿಯಮ ನಮ್ಮದು, ನಿಷ್ಠೆ ಅವರದು. ನಾನಾದರೋ ಹೋಟೆಲಿನಲ್ಲಿ ಪಕ್ಕದ ಟೇಬಲ್ಲಿಗೆ ಏನು ಬಂತೆಂದು ನೋಡದೆ ತಿಂದು ಏಳುವವನು.

ಅತ್ತೆಯ ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅವರ ನಾಲಿಗೆ. ಮಾತಿನ ನಾಲಿಗೆಯಲ್ಲ, ಅದು ಮಿತವಾಗಿಯೇ ಇದೆ, ರುಚಿಯ ನಾಲಿಗೆ. ನೆಲದೊಳಗಿನ ಸಂಪಿಗೆ ಟ್ಯಾಂಕರಿನ ನೀರು ಬಿಟ್ಟಾಗ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ, "ಇದು ಕಾವೇರಿ", "ಇದು ಬೋರು", "ಇವತ್ತು ಟ್ಯಾಂಕರ್‌ನೋನು ಎರಡೂ ಬೆರೆಸಿ ತಂದವ್ನೆ" ಎಂದು ತೀರ್ಪು ಕೊಡುತ್ತಾರೆ. ಟ್ಯಾಂಕರಿನವನು ಆ ಬೀದಿಯಲ್ಲಿ ಹೆದರುವುದು ಅವರೊಬ್ಬರಿಗೇ.

ಈಗ ವಿಷಯಕ್ಕೆ ಬರುತ್ತೇನೆ. ಎರಡು ಮಳೆಗಾಲದ ಹಿಂದೆ ಮಾವ ಹೊಂಡದ ದಡದಲ್ಲಿ ಇಡೀ ದಿನ ನೆನೆದರು. ಮೋಡ ಮುಸುಕಿ ತುಂತುರು ಹಿಡಿದಾಗಲೇ ಮೀನು ಮೇಲಕ್ಕೆ ಬರುವುದೆಂದು ಅವರ ಸಿದ್ಧಾಂತ. ತಲೆಗೆ ಇದ್ದದ್ದು ಗೋಣಿಚೀಲದ ಕೊಪ್ಪೆ. ಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ಮಡಿಸಿ ತಲೆ ಮೇಲಿಂದ ಬೆನ್ನಿಗೆ ಇಳಿಬಿಡುವುದು, ಅತ್ತೆಯೇ ಮಾಡಿಕೊಟ್ಟದ್ದು. ಹೊಲದ ಕಾಲದಲ್ಲಿ ಅದು ಸಾಕಾಗುತ್ತಿತ್ತೇನೋ, ಎಪ್ಪತ್ತು ದಾಟಿದ ಎದೆಗೆ ಸಾಕಾಗಲಿಲ್ಲ. ಜ್ವರ ಬಂತು, ಕೆಮ್ಮು ಬಂತು, ಡಾಕ್ಟರು ನ್ಯುಮೋನಿಯಾ ಎಂದರು. ಮಾವ ಆಸ್ಪತ್ರೆಯ ಮಂಚದ ಮೇಲೆ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ ಆ ದಿನಗಳಲ್ಲಿ ಅತ್ತೆ ಒಂದು ಹನಿ ಕಣ್ಣೀರು ಹಾಕಲಿಲ್ಲ. ಮನೆಗೆ ಕರೆತಂದ ದಿನವೇ ಗಾಳದ ಕೋಲುಗಳನ್ನೆಲ್ಲ ಹಳೆ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಸಿದರು.

ಮಾವ ಜಗಳವಾಡಲಿಲ್ಲ. ಮಳೆಗಾಲ ಮುಗಿಯಲಿ ಎಂದು ಕಾದರು. ಮುಗಿದ ಮೇಲೆ ಅತ್ತೆ "ಚಳಿ" ಎಂದರು, ಚಳಿ ಮುಗಿದ ಮೇಲೆ "ಬಿಸಿಲು" ಎಂದರು, ಬಿಸಿಲು ಮುಗಿಯುವ ಹೊತ್ತಿಗೆ ಮತ್ತೆ ಮಳೆ. ಬರುಬರುತ್ತಾ ಮಾವ ಕೇಳುವುದನ್ನೇ ಬಿಟ್ಟರು. ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಬಾಡಿಗೆದಾರರ ಸ್ಕೂಟರುಗಳು ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ನೋಡುತ್ತ ಕೂರುತ್ತಿದ್ದರು. ಊಟ ಅರ್ಧವಾಯಿತು. ಕೆರೆಯ ಕಡೆ ವಾಕಿಂಗ್ ಹೋಗುವುದನ್ನೂ ನಿಲ್ಲಿಸಿದರು. ಮನುಷ್ಯ ಬದುಕಿ ಉಳಿದಿದ್ದ, ಆದರೆ ಯಾತಕ್ಕೆಂದು ಅವನಿಗೇ ತಿಳಿಯದಂತಾಗಿತ್ತು. ಅವರನ್ನು ಹಾಗೆ ನೋಡುವುದು ನನಗೆ ಬಹಳ ಕಷ್ಟವಾಗುತ್ತಿತ್ತು.

ಸುಜಾತ ಒಂದು ದಿನ ಅಪ್ಪನಿಗೆ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಯಾವುದೋ ಚಳಿ ದೇಶದ ಕೆರೆ, ಧಾರಾಕಾರ ಮಳೆ, ದಡದಲ್ಲಿ ಹಸಿರು ಬಟ್ಟೆಯ ಒಂದು ಪುಟ್ಟ ಗುಡಾರ. ಒಳಗೆ ಒಬ್ಬ ಗಡ್ಡದವನು ಬೆಚ್ಚಗೆ ಕೂತು ಗಾಳ ಹಾಕಿ ಟೀ ಕುಡಿಯುತ್ತಿದ್ದ. ಮಾವ ಅದನ್ನು ನೋಡಿದರು, ಮತ್ತೆ ನೋಡಿದರು, ಊಟಕ್ಕೆ ಕರೆದಾಗಲೂ ನೋಡುತ್ತಿದ್ದರು. ಮರುವಾರ ಅಂಥದೇ ಒಂದನ್ನು ನಾನು ತರಿಸಿದೆ. ಪೆಟ್ಟಿಗೆ ಬಿಚ್ಚಿ ನೋಡಿದ ಕೂಡಲೇ ನನಗೆ ಅದು ಅರ್ಥವಾಯಿತು. ಕಡ್ಡಿಗಳೆಲ್ಲ ಒಂದು ಕಡೆ ಕೂಡಿ ಇನ್ನೊಂದು ಕಡೆ ಬಿಚ್ಚಿಕೊಳ್ಳುವ ಆ ರಚನೆ ಬೇರೇನಲ್ಲ, ಪಕ್ಕಕ್ಕೆ ಬಿದ್ದ ಒಂದು ದೊಡ್ಡ ಛತ್ರಿ. ಮುಂದುಗಡೆ ಜಿಪ್ಪಿರುವ ಬಾಗಿಲು, ಅಷ್ಟೇ ಹೆಚ್ಚು. ಹೊಲಿಗೆಯ ಮೇಲೆಲ್ಲ ಪಟ್ಟಿ ಅಂಟಿಸಿ ಮುಚ್ಚಿದ್ದ ಆ ಕೆಲಸಕ್ಕೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ನಮ್ಮ ಅಂಗಡಿಯ ಛತ್ರಿಗಳ ಹೊಲಿಗೆ ಹೇಗಿರುತ್ತದೆಂದು ನಾನು ಇಲ್ಲಿ ಬರೆಯುವುದಿಲ್ಲ.

ಅತ್ತೆ ಬಂದು ನೋಡಿದರು. "ಏನಿದು, ಗುಡ್ಲಾ?" ಎಂದರು. ಹೊಲ ಕಾಯಲು ಹಾಕುತ್ತಿದ್ದ ಗುಡಿಸಲಿಗೆ ಅವರ ಕಡೆ ಇರುವ ಹೆಸರು ಅದು. ಆಮೇಲೆ ನಾವು ಯಾರೂ ಅದನ್ನು ಬೇರೆ ಹೆಸರಿನಿಂದ ಕರೆಯಲಿಲ್ಲ.

"ಇದ್ರೊಳಗೆ ಕೂತ್ರೆ ಒಂದ್ ಹನಿ ಬೀಳಲ್ಲ ಕಣೆ" ಎಂದರು ಮಾವ. ಬಹಳ ದಿನಗಳ ಮೇಲೆ ಅವರ ದನಿಯಲ್ಲಿ ಸ್ವಲ್ಪ ಜೀವ ಇತ್ತು.

"ಅಂಗಡಿಯೋರು ಎಲ್ಲಾ ಹಂಗೇ ಹೇಳೋದು" ಎಂದ ಅತ್ತೆ, ಅಂಗಡಿಯವನು ಎದುರಿಗೇ ಇದ್ದಾನೆಂದು ನೆನಪಾಗಿ, "ನಿಮಗಲ್ಲ ಹೇಳಿದ್ದು" ಎಂದು ನನ್ನ ಕಡೆ ತಿರುಗಿದರು. "ನೋಡಿ, ಕೆಟ್ಟ ಮಳೆ ಬರೋ ದಿನ ತಾರಸಿ ಮೇಲೆ ಇದನ್ನ ಹಾಕಿ ಕೂರಲಿ. ನೆನೀಲಿಲ್ಲ ಅಂದ್ರೆ ಹೋಗ್ಲಿ, ನಾನ್ ಬೇಡ ಅನ್ನಲ್ಲ. ನೆಂದ್ರೆ ಇದೂ ಅಟ್ಟಕ್ಕೆ, ಮತ್ತೆ ಈ ಮಾತು ಎತ್ತಂಗಿಲ್ಲ."

"ಸರಿ ಬಿಡು, ನೀನೇ ಬಂದು ನನ್ ತಲೆ ಮುಟ್ಟಿ ನೋಡು" ಎಂದರು ಮಾವ.

"ನೀವು ಟವಲ್ಲಲ್ಲಿ ಒರೆಸ್ಕೊಂಡು ಕೂತ್ಬಿಡ್ತೀರ, ನಂಗೊತ್ತಿಲ್ವಾ? ಅಳಿಯಂದ್ರೂ ಜೊತೇಲಿ ಕೂರ್ಲಿ. ಹಣೆ ತುಂಬ ವಿಭೂತಿ ಹಚ್ಕೊಂಡು ಕೂರ್ಲಿ. ಅವರಪ್ಪಾಜಿ ಹಂಗೇ ಅಲ್ವಾ ಛತ್ರಿ ನೋಡ್ತಿದ್ದಿದ್ದು?"

ಸುಜಾತ ನಮ್ಮ ಮನೆಯ ಗುಟ್ಟನ್ನೆಲ್ಲ ತವರಿಗೆ ಸಾಗಿಸಿದ್ದಾಳೆಂದು ನನಗೆ ಆಗ ತಿಳಿಯಿತು. ಆದರೆ ಅದು ನಿಜ. ನಾನು ಚಿಕ್ಕವನಾಗಿದ್ದಾಗ ಶಾಲೆಗೆ ರಜೆಯಿದ್ದ ದಿನ ಅಂಗಡಿಯಲ್ಲಿ ನನಗಿದ್ದ ಉದ್ಯೋಗ ಅದೊಂದೇ. ಅಪ್ಪ ಬೆಳಿಗ್ಗೆ ವಿಭೂತಿಗಟ್ಟಿಯನ್ನು ತೇದು ನನ್ನ ಹಣೆಯ ಮೇಲೆ ಮೂರು ಬೆರಳಿನಲ್ಲಿ ಅಗಲವಾಗಿ ಎಳೆಯುತ್ತಿದ್ದರು. ಗಿರಾಕಿ ಬಂದು ಛತ್ರಿಯ ಬಟ್ಟೆಯನ್ನು ಅನುಮಾನದಿಂದ ಉಜ್ಜಿ ನೋಡಿದರೆ ಅಪ್ಪ ಮಾತಾಡುತ್ತಿರಲಿಲ್ಲ. ನನ್ನನ್ನು ಫುಟ್‌ಪಾತಿನ ಮೇಲೆ ನಿಲ್ಲಿಸಿ, ಕೈಗೆ ಛತ್ರಿ ಕೊಟ್ಟು, ಸ್ಟೂಲಿನ ಮೇಲೆ ಹತ್ತಿ ಒಂದು ಚೊಂಬು ನೀರು ಸುರಿಯುತ್ತಿದ್ದರು. ಕರಿ ಬಟ್ಟೆಯ ಗಂಜಿ ವಾಸನೆ, ತಲೆಯ ಮೇಲೆ ನೀರಿನ ಸದ್ದು, ಸುತ್ತ ಬೀಳುವ ಹನಿಗಳ ನಡುವೆ ನಾನು. ಆಮೇಲೆ ಗಿರಾಕಿ ಬಗ್ಗಿ ನನ್ನ ಹಣೆ ನೋಡುತ್ತಿದ್ದ. ವಿಭೂತಿಯ ಮೇಲೆ ಹನಿ ಬಿದ್ದರೆ ಆ ಜಾಗ ಕಪ್ಪಗೆ ಕಾಣುತ್ತದೆ, ಮುಚ್ಚಿಡಲು ಬರುವುದಿಲ್ಲ. ಒಂದೆರಡು ಸಲ ಕಪ್ಪಾದದ್ದೂ ಉಂಟು. ಆಗ ಅಪ್ಪ ಆ ಛತ್ರಿಯನ್ನು ಮಡಚಿ ಪಕ್ಕಕ್ಕಿಟ್ಟು, "ಇದು ಬೇಡ ಸ್ವಾಮಿ" ಎಂದು ಬೇರೆಯದನ್ನು ತೆಗೆಯುತ್ತಿದ್ದರು. ನನ್ನ ಹಣೆಗೆ ಆ ಬಜಾರಿನಲ್ಲಿ ಒಂದು ಬೆಲೆ ಇತ್ತು. ಓದಿನಲ್ಲಿ ಅಂಥ ಬೆಲೆ ಬರಲಿಲ್ಲವೆನ್ನುವುದು ಬೇರೆ ಮಾತು.

ಹೀಗೆ ಮಾವನ ಮುಂದಿನ ದಿನಗಳೆಲ್ಲ ನನ್ನ ಹಣೆಬರಹಕ್ಕಲ್ಲ, ಹಣೆಗೇ ಬಂದು ನಿಂತವು.

ಕೆಟ್ಟ ಮಳೆಗೆ ಹೆಚ್ಚು ಕಾಯಬೇಕಾಗಲಿಲ್ಲ. ಕಾರ್ತೀಕದ ಕೊನೆಯಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯಿತೆಂದು ಟೀವಿಯವರು ಕೂಗಲು ಶುರುಮಾಡಿದರು. ಬೆಂಗಳೂರಿಗೆ ಅಂಥ ಮಳೆ ಬಂದರೆ ಅದು ಬಂದು ಹೋಗುವ ಮಳೆಯಲ್ಲ, ಕೂತುಬಿಡುವ ಮಳೆ. ಬಟ್ಟೆ ಒಣಗುವುದಿಲ್ಲ, ಬಿಸಿಲು ಕಾಣುವುದಿಲ್ಲ, ಛತ್ರಿ ಅಂಗಡಿಯವನಿಗೆ ದೀಪಾವಳಿ ಮುಗಿದ ಮೇಲೆ ಇನ್ನೊಂದು ದೀಪಾವಳಿ. ಅಂಥ ದಿನ ನಾನು ಗಲ್ಲಾವನ್ನು ಸುಜಾತಳಿಗೆ ಒಪ್ಪಿಸಿ ಬಿಳೇಕಹಳ್ಳಿಗೆ ಹೊರಟಾಗ ಅವಳು, "ಹಣೆ ಜೋಪಾನ ಕಣ್ರೀ, ಅಪ್ಪ ಇವತ್ತು ಬೆಳಗ್ಗೆ ಎರಡು ಸಲ ಫೋನ್ ಮಾಡಿದ್ರು" ಎಂದಳು. ತಮಾಷೆಯಾಗಿ ಹೇಳಿದಳಾದರೂ ಅವಳ ಕಣ್ಣು ನಗುತ್ತಿರಲಿಲ್ಲ.

ಮಾವ ಆಗಲೇ ತಾರಸಿಯಲ್ಲಿದ್ದರು. ಅತ್ತೆಯ ಆಜ್ಞೆಯಂತೆ ಸ್ವೆಟರು, ಅದರ ಮೇಲೆ ಮಫ್ಲರು, ತಲೆಗೆ ಮಂಕಿ ಕ್ಯಾಪು. ನನಗೂ ಒಂದು ಸ್ವೆಟರು ಸಿದ್ಧವಾಗಿತ್ತು. ನನ್ನ ತಲೆಗೆ ಮಾತ್ರ ಪರೀಕ್ಷೆಯ ಕಾರಣಕ್ಕೆ ಏನೂ ಇಲ್ಲ. ಮಣ್ಣಿನಲ್ಲಾದರೆ ಗೂಟ ಹೊಡೆಯಬಹುದು, ಕಾಂಕ್ರೀಟಿನಲ್ಲಿ ಏನು ಮಾಡುವುದು? ಗ್ರೈಂಡರ್ ಬಂದ ಮೇಲೆ ಮೂಲೆ ಸೇರಿದ್ದ ಒರಳುಕಲ್ಲನ್ನು ಉರುಳಿಸಿಕೊಂಡು ಬಂದು ಒಂದು ಹಗ್ಗ ಅದಕ್ಕೆ ಕಟ್ಟಿದೆವು. ಇನ್ನೊಂದು ನೀರಿನ ಟ್ಯಾಂಕಿನ ಕಾಲಿಗೆ, ಮತ್ತೊಂದು ಬಟ್ಟೆ ಒಣಗಿಸುವ ಕಂಬಕ್ಕೆ.

"ಬಾಗಿಲು ಯಾವ ಕಡೆಗೆ ಮಾವ?" ಎಂದು ಕೇಳಿದೆ.

"ಈಶಾನ್ಯಕ್ಕೆ ಇರ್ಲಿ ಅಳಿಯಂದ್ರೇ. ಗುಡ್ಲಾದ್ರೂ ಮನೇನೇ. ಮೊದಲ್ನೇ ಸಲ ಹಾಕ್ತಾ ಇದ್ದೀವಿ, ವಾಸ್ತು ಕೆಡಬಾರ್ದು."

ನಾನೂ ಸಂತೋಷದಿಂದ ಒಪ್ಪಿದೆ. ಗಲ್ಲಾಪೆಟ್ಟಿಗೆಯನ್ನು ಯಾವ ಮೂಲೆಗೆ ಇಡಬೇಕೆಂದು ಪಂಚಾಂಗದವರನ್ನು ಕೇಳಿ ಇಟ್ಟವನು ನಾನು. ಬಂಗಾಳ ಕೊಲ್ಲಿ ಬೆಂಗಳೂರಿಗೆ ಯಾವ ದಿಕ್ಕಿನಲ್ಲಿದೆ, ಅಲ್ಲಿಂದ ಹೊರಟ ಗಾಳಿ ಯಾವ ಕಡೆಯಿಂದ ಬಂದು ಬಡಿಯುತ್ತದೆ ಎಂದು ನಾವಿಬ್ಬರೂ ಯೋಚಿಸಲಿಲ್ಲ. ದೇವಮೂಲೆಯಿಂದ ಬರುವುದೆಲ್ಲ ಒಳ್ಳೆಯದೇ ಎಂಬ ಧೈರ್ಯದಲ್ಲಿ ಒಳಗೆ ಹೋಗಿ ಎರಡು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತೆವು.

ಒಣಗದ ಬಟ್ಟೆಗಳನ್ನು ಎತ್ತಿಕೊಂಡು ಹೋಗಲು ಮೇಲೆ ಬಂದ ಬಾಡಿಗೆ ಹುಡುಗಿ, "ಅಂಕಲ್, ಕ್ಯಾಂಪಿಂಗಾ? ಸಖತ್ತಾಗಿದೆ" ಎಂದು ನಮ್ಮ ಫೋಟೋ ತೆಗೆದುಕೊಂಡು ಹೋದಳು. ಮಾವ ಅದಕ್ಕೆಂದು ಮಂಕಿ ಕ್ಯಾಪು ಸರಿಮಾಡಿಕೊಂಡರು.

ಆಮೇಲೆ ಅವರು ಒಂದು ಕೆಲಸ ಮಾಡಿದರು. ಬಾಗಿಲ ಹೊರಗೆ ಒಂದು ಬಕೆಟ್ಟು ನೀರು ಇಟ್ಟಿದ್ದರು. ಒಂದು ಗಾಳದ ಕೋಲನ್ನು ಅಟ್ಟದಿಂದ ಅತ್ತೆಗೆ ತಿಳಿಯದಂತೆ ಇಳಿಸಿಕೊಂಡಿದ್ದರು. ಕೊಕ್ಕೆ ಇರಲಿಲ್ಲ, ಬರೀ ದಾರ ಮತ್ತು ನೀರಿನ ಮೇಲೆ ತೇಲುವ ಬೆಂಡು. ಅದನ್ನು ಬಕೆಟ್ಟಿನಲ್ಲಿ ಇಳಿಬಿಟ್ಟು, ಬೆನ್ನು ನೆಟ್ಟಗೆ ಮಾಡಿ, ಬೆಂಡಿನ ಮೇಲೆ ಕಣ್ಣು ನೆಟ್ಟು ಕುಳಿತರು. ನನಗೆ ಮೊದಲು ನಗು ಬಂತು. ಸ್ವಲ್ಪ ಹೊತ್ತಾದ ಮೇಲೆ ನೋಡುತ್ತೇನೆ, ನಾನೂ ಆ ಬೆಂಡನ್ನೇ ನೋಡುತ್ತಿದ್ದೇನೆ. ಸ್ಕೂಟರುಗಳನ್ನು ನೋಡುತ್ತ ಕೂತಿದ್ದ ಮುದುಕ ಇವರಲ್ಲ. ಉಸಿರು ನಿಧಾನವಾಗಿತ್ತು, ಕೈ ಅಲುಗುತ್ತಿರಲಿಲ್ಲ, ಮುಖದ ಸುಕ್ಕುಗಳೆಲ್ಲ ಒಂದು ಕಡೆಗೆ ತಿರುಗಿದ್ದವು. ಮೀನಿಲ್ಲದ ನೀರಿಗೆ ಅಷ್ಟು ಮರ್ಯಾದೆ ಕೊಟ್ಟು ಕೂರಬಲ್ಲ ಮನುಷ್ಯನನ್ನು ಹತ್ತಿರದಿಂದ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಗಿರಾಕಿ ಇಲ್ಲದ ಮಧ್ಯಾಹ್ನ ನನಗೆ ಹಾಗೆ ಕೂರಲು ಬಂದಿದ್ದರೆ ಎಷ್ಟು ಸುಖವಾಗಿರುತ್ತಿದ್ದೆ.

ಅಷ್ಟರಲ್ಲಿ ದೇವಮೂಲೆ ಬಾಯಿ ತೆರೆಯಿತು. ಗಾಳಿ ಒಂದು ಸಲ ಜೋರಾಗಿ ಬೀಸಿ ಮಳೆಯನ್ನು ನೇರ ಬಾಗಿಲಿನೊಳಕ್ಕೆ ತಂದು ಸುರಿಯಿತು. ನಾನು ಎರಡೂ ಕೈಗಳಿಂದ ಹಣೆ ಮುಚ್ಚಿಕೊಂಡೆ. ಮಾವ ತಮ್ಮ ಮಫ್ಲರನ್ನು ಎತ್ತಿ ನನ್ನ ಮುಖಕ್ಕೆ ಅಡ್ಡ ಹಿಡಿದರು.

"ತಿರುಗಿಸ್ಬೇಕು ಅಳಿಯಂದ್ರೇ. ನೈಋತ್ಯಕ್ಕೆ ತಿರುಗಿಸ್ಬೇಕು."

"ವಾಸ್ತು ಮಾವ?"

"ವಾಸ್ತು ಮನೆಗೆ. ಇದು ಗುಡ್ಲು."

ಹೊರಗೆ ಹೋಗಿ ತಿರುಗಿಸಿದರೆ ಹಣೆ ನೆನೆಯುತ್ತದೆ. ಹಾಗಾಗಿ ಮಾವ ಕೈ ಹೊರಗೆ ಚಾಚಿ ಹಗ್ಗಗಳನ್ನು ಬಿಚ್ಚಿದರು, ನಾವಿಬ್ಬರೂ ಒಳಗಿನಿಂದಲೇ ಕಡ್ಡಿಗಳನ್ನು ಹಿಡಿದು ಗುಡ್ಲನ್ನು ಎತ್ತಿದೆವು. ಎತ್ತಿದ ಕೂಡಲೇ ಗಾಳಿ ನಮ್ಮನ್ನು ವಿಚಾರಿಸಿಕೊಂಡಿತು. ಗುಡ್ಲು ಬಟ್ಟೆ ಕಂಬದ ಕಡೆ ಹೊರಟರೆ ನಾವೂ ಆ ಕಡೆ, ಟ್ಯಾಂಕಿನ ಕಡೆ ಹೊರಟರೆ ನಾವೂ ಟ್ಯಾಂಕಿನ ಕಡೆ. ಗುಡ್ಲಿನ ಅಡಿಯಲ್ಲಿ ನಮ್ಮ ನಾಲ್ಕು ಕಾಲು ಮಾತ್ರ ಕಾಣುತ್ತಿದ್ದಿರಬೇಕು. ಬಕೆಟ್ಟು ಉರುಳಿತು. ಯಾವುದೋ ಮನೆಯ ಕಿಟಕಿಯಿಂದ ನಗು ಕೇಳಿಸಿತು. ಕೊನೆಗೆ ಮಾವ ಒರಳುಕಲ್ಲನ್ನು ಕಾಲಿನಲ್ಲಿ ತಡಕಿ ಹುಡುಕಿ, "ಇಲ್ಲಿ, ಇಲ್ಲಿ, ಇಳಿಸಿ" ಎಂದರು. ಇಳಿಸಿದೆವು. ಹಗ್ಗ ಕಟ್ಟಿ, ಜಿಪ್ಪು ಮೇಲಿಂದ ಕೆಳಗಿನವರೆಗೆ ಎಳೆದುಕೊಂಡು ಕೂತೆವು.

ಆಮೇಲೆ ನಿಜವಾಗಿ ಮಳೆ ಬಂತು. ಬಟ್ಟೆಯ ಮೇಲೆ ಬೀಳುವ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ನಾನು ಒಂದೊಂದು ಹೊಲಿಗೆಯನ್ನೂ ನೋಡಿದೆ. ಒಂದು ಹನಿ ಇಲ್ಲ. ಆ ಹೊಲಿಗೆ ಹಾಕಿದವರು ಯಾವ ದೇಶದವರೋ, ಅವರ ಕೈ ತಣ್ಣಗಿರಲಿ ಎಂದುಕೊಂಡೆ. ಮಾವ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಮೆಲ್ಲಗೆ ಒತ್ತಿದರು. ಅವರ ಮನಸ್ಸಿನಲ್ಲಿ ಹೊಂಡದ ದಡ ಬಂದು ನಿಂತಿತ್ತೆಂದು ನನಗೆ ಗೊತ್ತಾಯಿತು.

ಆದರೆ ಗಾಳಿಯೂ ಆಡದಂತೆ ಮುಚ್ಚಿದ ಆ ಗೂಡಿನಲ್ಲಿ, ಗುಡ್ಲು ಹೊತ್ತು ತಾರಸಿಯೆಲ್ಲ ಸುತ್ತಿದ ಇಬ್ಬರು ಗಂಡಸರು, ಇಬ್ಬರಿಗೂ ಉಣ್ಣೆಯ ಸ್ವೆಟರು. ಕಿವಿಯ ಹಿಂದೆ ಏನೋ ಹರಿದ ಹಾಗಾಯಿತು. ಮತ್ತೆ ಹುಬ್ಬಿನ ಮೇಲೆ. ಮಾವ ನನ್ನ ಮುಖ ನೋಡಿದವರು ನೋಡುತ್ತಲೇ ಉಳಿದರು.

"ಏನು ಮಾವ?"

"ಇಳೀತಾ ಐತೆ ಅಳಿಯಂದ್ರೇ."

ಮುಟ್ಟಿ ನೋಡಿಕೊಂಡೆ. ಬೆರಳಿಗೆ ಬೂದಿಯ ಕೆಸರು ಬಂತು. ಬೆವರಿನಲ್ಲಿ ಮೂರೂ ಗೆರೆ ಕರಗಿ ಮೂಗಿನ ಮೇಲೆ ಹರಿಯುತ್ತಿದ್ದವು. ಮಳೆಯನ್ನು ಗೆದ್ದ ಗುಡ್ಲನ್ನು ನನ್ನ ಬೆವರು ಸೋಲಿಸಿತ್ತು. ನಾನು ಅಂಗಿಯ ಜೇಬಿಗೆ ಕೈ ಹಾಕಿದೆ. ವಿಭೂತಿಗಟ್ಟಿಯ ಒಂದು ಚೂರು ಯಾವಾಗಲೂ ಅಲ್ಲಿರುತ್ತದೆ. "ಮುಖ ಒರೆಸ್ಕೊಂಡು ಹೊಸದಾಗಿ ಹಚ್ಕೋತೀನಿ ಮಾವ. ಮಳೆ ಬಿದ್ದಿಲ್ಲ ಅನ್ನೋದು ನಿಜ ತಾನೇ? ಏನೂ ಸುಳ್ಳಲ್ಲ."

ಮಾವ ಆ ಚೂರನ್ನು ನೋಡಿದರು. ಒಂದು ವರ್ಷಕ್ಕೂ ಮೇಲೆ ಅವರು ಏನು ಬಯಸಿದ್ದರೋ ಅದು ನನ್ನ ಅಂಗೈಯಲ್ಲಿತ್ತು. ಅವರು ನನ್ನ ಬೆರಳುಗಳನ್ನು ಹಿಡಿದು ಅಂಗೈಯನ್ನು ಮಡಿಸಿದರು.

"ಬೇಡ. ಅವಳು ಕೇಳ್ತಾಳೆ, ಆಗ ನೀವು ಹಚ್ಚಿದ್ದು ಅದೇನಾ ಅಂತ. ನೀವು ಹೂಂ ಅನ್ಬೇಕಾಗ್ತದೆ. ವಿಭೂತಿ ಇಟ್ಕೊಂಡು ಹೂಂ ಅನ್ಬೇಕಾಗ್ತದೆ. ನಾನು ಮೀನ್ ತಿನ್ನೋನಾದ್ರೂ ಅಷ್ಟು ಗೊತ್ತು." ಆಮೇಲೆ, "ಹೋಗ್ಲಿ ಬಿಡಿ. ಬಕೆಟ್ ಐತಲ್ಲ" ಎಂದು ನಗಲು ನೋಡಿದರು. ಆ ನಗು ನೋಡಲಾರದೆ ನಾನು ಜಿಪ್ಪಿನ ಕಡೆ ತಿರುಗಿ ಕುಳಿತೆ.

ಜಿಪ್ಪು ಹೊರಗಿನಿಂದ ತೆರೆಯಿತು. ಅತ್ತೆ. ತಲೆಯ ಮೇಲೆ ಅದೇ ಗೋಣಿಯ ಕೊಪ್ಪೆ, ಕೈಯಲ್ಲಿ ಕಾಫಿ ಫ್ಲಾಸ್ಕು. ನಾವು ಮೇಲೆ ಬಂದು ಕುಳಿತಿದ್ದರಿಂದ ಅವರ ತಾರಸಿಯ ಒಲೆ ಹೊತ್ತಿರಲಿಲ್ಲ. ಅವರು ಬಗ್ಗಿ ಒಳಗೆ ಬಂದು ನನ್ನ ಮುಖವನ್ನು ನೋಡಿದರು.

ಫುಟ್‌ಪಾತಿನ ಮೇಲೆ ನಿಂತ ಹುಡುಗನ ಹಾಗೆ ನಾನು ಹಣೆ ಎತ್ತಿ ಕೂತೆ. ಮಾವ ತಲೆ ತಗ್ಗಿಸಿ, "ನೆಂದಿದೆ ಕಣೆ" ಎಂದರು. ಒಂದೇ ಮಾತು, ವಿವರಣೆ ಇಲ್ಲ.

ಅತ್ತೆ ಹತ್ತಿರ ಬಂದರು. ತೋರುಬೆರಳನ್ನು ನನ್ನ ಹಣೆಯ ಮೇಲೆ ಎಡದಿಂದ ಬಲಕ್ಕೆ ಎಳೆದರು. ಆ ಬೆರಳನ್ನು ಒಂದು ಕ್ಷಣ ನೋಡಿ, ಸಂಪಿನ ನೀರನ್ನು ನೋಡುವ ಹಾಗೆಯೇ, ನಾಲಿಗೆಗೆ ಮುಟ್ಟಿಸಿದರು. ಕಣ್ಣು ಅರ್ಧ ಮುಚ್ಚಿತು.

"ಉಪ್ಪು" ಎಂದರು. "ಮಳೆ ನೀರಿಗೆ ಉಪ್ಪಿರಲ್ಲ. ಇದು ಬೆವರು."

ಅವರು ಮಾವನ ಮಫ್ಲರು ಸರಿಸಿ ಕುತ್ತಿಗೆ ಮುಟ್ಟಿದರು, ಸ್ವೆಟರಿನೊಳಗೆ ಬೆನ್ನಿಗೆ ಕೈಯಿಟ್ಟರು. "ಬೆಚ್ಚಗೈತೆ" ಎಂದು ತಮಗೇ ಹೇಳಿಕೊಂಡರು. ಆ ಕೈ ಬೆನ್ನಿನ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿಯಿತು. ಆಸ್ಪತ್ರೆಯಲ್ಲಿ ಕಾಣದಿದ್ದ ಕಣ್ಣೀರನ್ನು ನಾನು ಆಗ ಕಂಡೆ. "ಭಾನುವಾರ ಹೋಗಿ ಬನ್ನಿ. ಜಿಪ್ಪು ಪೂರ್ತಿ ಎಳ್ಕೋಬೇಡಿ, ಉಸಿರು ಕಟ್ತದೆ. ಮೀನು ಬಂದ್ರೆ ತನ್ನಿ, ಬರ್ದಿದ್ರೆ ಹೊತ್ತು ಮುಳುಗೋಕ್ ಮುಂಚೆ ಬನ್ನಿ."

ಮಾವ ಗಾಳದ ಕೋಲಿನ ದಾರವನ್ನು ಸುತ್ತತೊಡಗಿದರು.

ಅಷ್ಟರಲ್ಲಿ ಅತ್ತೆಗೆ ಏನೋ ನೆನಪಾಯಿತು. ತಮ್ಮ ಬೆರಳನ್ನು ನೋಡಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಗುಡ್ಲಿನ ಬಟ್ಟೆ ಬೆನ್ನಿಗೆ ತಾಗಿತು. "ಅಯ್ಯೋ ಶಿವನೇ. ಈಗ್ ತಾನೇ ಕೆಳಗೆ ಹಿತ್ತಲಲ್ಲಿ ಮಾರ್ಕೆಟ್ಟಿನ ಮೀನ್ ತೊಳ್ದು ಬಂದ ಕೈ ಇದು. ನಿಮ್ ಹಣೆ ಮುಟ್ಬಿಟ್ನಲ್ಲ. ಹೋಗಿ ಸ್ನಾನ ಮಾಡ್ಬಿಡಿ ಅಳಿಯ್ನೋರೆ, ನೀರು ಕಾಯಿಸ್ತೀನಿ."

ಹೊಸ ಪಾತ್ರೆ, ಹೊಸ ಸೌಟು, ಮೇಜಿನ ಮೇಲಿಟ್ಟು ಸರಿದ ಅಷ್ಟೂ ಕಾಫಿ ಲೋಟಗಳು ನನ್ನ ಕಣ್ಣ ಮುಂದೆ ಬಂದವು. ಇಷ್ಟು ವರ್ಷ ಕಾಯ್ದುಕೊಂಡು ಬಂದ ನಿಯಮವನ್ನು ಗಂಡನ ಭಾನುವಾರಕ್ಕಾಗಿ ಒಂದು ಕ್ಷಣ ಮರೆತ ಆ ಕೈ ಸೆರಗಿನಲ್ಲಿ ಅವಿತುಕೊಳ್ಳುತ್ತಿತ್ತು. ನನ್ನ ಅಂಗೈಯಲ್ಲಿ ವಿಭೂತಿಯ ಚೂರು ಇನ್ನೂ ಇತ್ತು. ಅದನ್ನು ಅವರ ಮುಂದೆ ಹಿಡಿದೆ.

"ಸ್ನಾನ ಬೇಡ ಅತ್ತೆ. ಅಳಿಸಿದ್ದು ನೀವೇ, ನೀವೇ ಹಚ್ಚಿ."

"ಈ ಕೈಲಾ?"

"ಅದೇ ಕೈಲಿ."

ಅವರು ಮಾವನ ಕಡೆ ನೋಡಿದರು. ಮಾವ ದಾರ ಸುತ್ತುವುದನ್ನು ನಿಲ್ಲಿಸಿ ತಲೆಯಾಡಿಸಿದರು. ಅತ್ತೆ ಕೈಯನ್ನು ಗುಡ್ಲಿನ ಬಾಗಿಲಿನಿಂದ ಹೊರಗೆ ಚಾಚಿ ಮಳೆಯಲ್ಲಿ ಬೆರಳು ನೆನೆಸಿಕೊಂಡು, ವಿಭೂತಿಯ ಚೂರನ್ನು ತೇದು, ನನ್ನ ಹಣೆಯ ಮೇಲೆ ಎಳೆದರು. ಅಭ್ಯಾಸವಿಲ್ಲದ ಕೈ, ಒಂದು ಗೆರೆ ಹುಬ್ಬಿನ ಮೇಲೆ ಬಂತು, ಇನ್ನೊಂದು ಕೂದಲಿಗೆ ಹೋಯಿತು. ನಾನು ಅದನ್ನು ಸರಿಮಾಡಿಕೊಳ್ಳದೆ ಹಾಗೇ ಅಂಗಡಿಗೆ ಹೋದೆ. ಸುಜಾತ ಗಲ್ಲಾದಿಂದ ತಲೆಯೆತ್ತಿ ನನ್ನ ಹಣೆಯನ್ನೇ ನೋಡಿ, ಭಾನುವಾರದ ವಿಷಯ ಕೇಳಲು ಅಪ್ಪನಿಗೆ ಫೋನ್ ಮಾಡಿದಳು.